ಜರಡಿಯ ಸಮಾನ ನ್ಯಾಯ

ಹತ್ತು ಸುಗ್ಗಿಯ ಜೋಳವನ್ನು ನೋಡಿ ನೋಡಿ ತನ್ನ ತೂತುಗಳ ಅಳತೆಯನ್ನು ತಾನೇ ಗೊತ್ತುಮಾಡಿಕೊಂಡ ಬುದ್ಧಿವಂತ ಜರಡಿಯೊಂದಿತ್ತು. ಬಿತ್ತನೆಗೆ ಯಾವ ಕಾಳು ಬಂದರೂ ಆರಿಸುವ ಅಧಿಕಾರ ಅದರದೇ. ಮೇಲೆ ನಿಂತದ್ದು ಹೊಲಕ್ಕೆ, ಕೆಳಗೆ ಬಿದ್ದದ್ದು ಕೋಳಿಗೆ. ಒಂದು ದಿನ ರಾಗಿಯ ಕಾಳೊಂದು ಧೂಳಿನ ಜೊತೆ ಕೆಳಗೆ ಬಿತ್ತು.

"ಅಕ್ಕಾ, ನಾನೂ ಬೀಜವೇ!" ಎಂದು ಅದು ಕೂಗಿತು.

"ಇರಬಹುದು. ನಾನು ಭೇದ ಮಾಡುವವಳಲ್ಲ. ಎಲ್ಲರಿಗೂ ಒಂದೇ ಅಳತೆಯ ತೂತು," ಎಂದಿತು ಜರಡಿ.

ಪಕ್ಕದಲ್ಲಿದ್ದ ಮೊರ ಈ ಜರಡಿಯ ನ್ಯಾಯದ ಮೇಲೆಯೇ ಪಿಎಚ್.ಡಿ. ಮಾಡುತ್ತಿತ್ತು. "ಹೆದರಬೇಡ ತಮ್ಮಾ," ಎಂದಿತು. "ನನ್ನ ಸಂಶೋಧನೆ ಕಾಳು ಕೇಂದ್ರಿತ. ನೀನು ಬಿದ್ದದ್ದೇಕೆಂದು ವಿವರಿಸುತ್ತೇನೆ. ತೂತು ಜೋಳದ ಅಳತೆಯದು, ನೀನು ಜೋಳಕ್ಕಿಂತ ಸಣ್ಣವನು. ಇದು ಶುದ್ಧ ಅನ್ಯಾಯ."

"ನಿನಗೇ ಗೊತ್ತಿದೆಯಲ್ಲಣ್ಣಾ! ಹಾಗಾದರೆ ನನ್ನನ್ನು ಒಮ್ಮೆ ಕೇರಿ ಬೀಜದ ರಾಶಿಗೆ ಹಾರಿಸಿಬಿಡು. ಅಗೋ, ಕೋಳಿ ಬರುತ್ತಿದೆ!"

"ಕೇರುವುದೇ?" ಮೊರ ಮುಖ ಸಿಂಡರಿಸಿತು. "ಆ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಈಗ ನನ್ನದು ಅಧ್ಯಯನ ಮಾತ್ರ. ಪರಿಹಾರದ ವಿಚಾರ ಕೊನೆಯ ಅಧ್ಯಾಯದಲ್ಲಿ ಬರುತ್ತದೆ. ಮೊದಲು ಹೇಳು, ನನ್ನ ವಿವರಣೆ ಸ್ಪಷ್ಟವಾಗಿತ್ತೇ? ಐದಕ್ಕೆ ಎಷ್ಟು ಅಂಕ ಕೊಡುತ್ತೀ?"

"ಐದಕ್ಕೆ ಐದೂ ತಗೊಳ್ಳಣ್ಣಾ, ನನ್ನನ್ನು ಮಾತ್ರ..." ಎನ್ನುವಷ್ಟರಲ್ಲಿ ಕೋಳಿ ಕುಕ್ಕಿ ನುಂಗಿತು.

ಮೊರ ಬರೆದುಕೊಂಡಿತು: "ವಿವರಣೆಯಿಂದ ಕಾಳಿಗೆ ಪೂರ್ಣ ತೃಪ್ತಿ. ಮರುಪ್ರಶ್ನೆ ಬರಲಿಲ್ಲ."