ರಂಗೋಲಿ ಹೋದ ದಾರಿ

ತಾಲ್ಲೂಕು ಕಚೇರಿಯಲ್ಲಿ ಹೆಂಗಸರ ಶೌಚಾಲಯವೇನೋ ಇತ್ತು. ಒಳಗೆ ಮುರಿದ ಕುರ್ಚಿಗಳು, ಹೊರಗೆ ಬೀಗ. ಹೆಂಗಸರು ಬಸ್‌ಸ್ಟ್ಯಾಂಡಿಗೆ ಹೋಗಿಬರುತ್ತಿದ್ದರು. ಅಟೆಂಡರ್ ದ್ಯಾಮವ್ವ ತಹಶೀಲ್ದಾರ್ ಸಾಹೇಬರಿಗೆ ಹೇಳಿ ಹೇಳಿ ಸಾಕಾಗಿ, ಹೇಳುವುದನ್ನೇ ಬಿಟ್ಟಿದ್ದಳು.

ಮಹಿಳಾ ದಿನ ಬಂತು. 'ಮಹಿಳಾ ಸಮಾನತೆ ಮತ್ತು ಕಾನೂನು' ಎಂಬ ಕಾರ್ಯಕ್ರಮ. ಜಿಲ್ಲೆಯಿಂದ ಮಹಿಳಾ ನ್ಯಾಯಾಧೀಶರು ಬರುವವರಿದ್ದರು.

"ಗೇಟಿನಿಂದ ರಂಗೋಲಿ ಹಾಕವ್ವಾ. ಅತಿಥಿಗಳು ಅದರ ಗುಂಟಾನ ನಡದು ಬರ್ಬೇಕು," ಅಂದರು ಸಾಹೇಬರು.

"ಪ್ರತಿ ವರ್ಷ ನಾವ ಹಾಕೇವ್ರಿ. ಈ ಸಲ ಗಂಡಸರು ಹಾಕ್ಲಿ," ಅಂದಳು ದ್ಯಾಮವ್ವ.

"ಏ, ಅದು ಹೆಂಗಸರ ಕೆಲಸ," ಅಂದವರೇ ಸಮಾನತೆಯ ಭಾಷಣ ಬಾಯಿಪಾಠ ಮಾಡಲು ಒಳಗೆ ಹೋದರು.

ದ್ಯಾಮವ್ವ ಸೊಂಟ ಹಿಡಿದುಕೊಂಡು ರಂಗೋಲಿ ಎಳೆದಳು.

ನ್ಯಾಯಾಧೀಶರು ಕಾರಿನಿಂದ ಇಳಿದರು. ಅವರಿಗೆ ಬೆನ್ನು ತೋರಿಸಬಾರದೆಂದು ಸಾಹೇಬರು ಕೈಮುಗಿದುಕೊಂಡೇ ರಂಗೋಲಿಯ ಗುಂಟ ಹಿಂದಹಿಂದಕ್ಕೆ ನಡೆದರು. ಬೆನ್ನಿಗೆ ಏನೋ ಬಡಿಯಿತು. ತಿರುಗಿದರೆ ಶೌಚಾಲಯದ ಬೀಗ!

"ಏನಿದು ದ್ಯಾಮವ್ವಾ?" ಹಲ್ಲು ಕಡಿದರು.

"ಎರಡು ತಾಸು ಕಾರಿನಾಗ ಕುಂತು ಬಂದ ಹೆಣ್ಮಗಳು ಮೊದಲ ಎಲ್ಲಿಗೆ ಹೋಗ್ತಾರ್ರೀ ಸಾಹೇಬ್ರ?"

"ಅವರು ಹೇಳಿದ್ದು ನಿಜ," ಅಂದರು ನ್ಯಾಯಾಧೀಶರು. "ಮೊದಲು ಬೀಗ ತೆಗೆಸಿ. ಇದು ಇಲ್ಲಿನ ಹೆಂಗಸರ ಹಕ್ಕು. ಮತ್ತೆ ಬೀಗ ಬಿದ್ದರೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗುತ್ತದೆ. ಭಾಷಣ ಆಮೇಲೆ."

ಬೀಗದ ಕೈ ಸಿಗಲಿಲ್ಲ. ಸಾಹೇಬರೇ ಕಲ್ಲು ಹುಡುಕಿ ತಂದು ಬೀಗ ಒಡೆದರು. ಕುರ್ಚಿಗಳನ್ನೂ ತಾವೇ ಹೊತ್ತು ಹೊರಗಿಟ್ಟರು.

ಮರುವರ್ಷ ಮಹಿಳಾ ದಿನ ಬಂದಾಗ ಸಾಹೇಬರು ಮೊದಲೇ ಹೇಳಿದರು: "ಈ ಸಲ ರಂಗೋಲಿ ಬ್ಯಾಡ."

"ಪುಣ್ಯಾ ಬರ್ಲಿ ನಿಮಗ," ಅಂದಳು ದ್ಯಾಮವ್ವ. "ಸೊಂಟಾನೂ ಉಳೀತು."