ಜುಟ್ಟಿನ ಮಲ್ಲಿಗೆ

ಹುಲಿಗೆಮ್ಮ ಬಸ್ಸಿನ ಕಾಸು ಉಳಿಸಿ, ಕಾಲೇಜಿಗೆ ನಡೆದೇ ಹೋಗಿ, ಒಂದು ಲಿಪ್‌ಸ್ಟಿಕ್ ಕೊಂಡಿದ್ದಳು. ಭಾನುವಾರ ಊಟದ ಹೊತ್ತಿಗೆ ಹಾಸ್ಟೆಲ್ ವಾರ್ಡನ್ ಗಿರಿಜಾಂಬ ಅದನ್ನು ಎಲ್ಲರೆದುರು ಕಿತ್ತುಕೊಂಡರು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಬಿಟ್ಟಿ ಹಾಸ್ಟೆಲಿನವಳಿಗೆ ಈ ಶೋಕಿ ಯಾಕೆ? ಒರೆಸು ತುಟಿ!"

ಹುಡುಗಿ ಒರೆಸಿಕೊಂಡಳು. ಒಣಗಿ ಬಿಳಿಚಿಕೊಂಡ ತುಟಿ ಕಂಡಿತು. ಅಷ್ಟರಲ್ಲಿ ಊರಿಂದ ಅವ್ವನ ವಿಡಿಯೋ ಕಾಲ್ ಬಂತು. ಹುಲಿಗೆಮ್ಮ ಸಾರಿನಲ್ಲಿದ್ದ ಒಂದೇ ಬೀಟ್ರೂಟ್ ಹೋಳನ್ನು ತುಟಿಗೂ ಕೆನ್ನೆಗೂ ತಿಕ್ಕಿಕೊಂಡು ಫೋನ್ ಎತ್ತಿದಳು.

"ಮಕದಾಗ ರಕ್ತ ತುಂಬೇತಲ್ಲವ್ವಾ! ನಿಮ್ಮ ಮೇಡಮ್ಮಾರಿಗೆ ಫೋನ್ ಕೊಡು, ಕೈ ಮುಗೀತೀನಿ," ಎಂದಳು ಅವ್ವ.

ಹುಲಿಗೆಮ್ಮ ಕೊಟ್ಟೇ ಬಿಟ್ಟಳು.

"ಅಕ್ಕಾರ, ನನ್ನ ಮಗಳಿಗೆ ಹೊಟ್ಟಿ ತುಂಬ ಉಣ್ಣಾಕ ಹಾಕ್ತೀರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ."

ವಾರ್ಡನ್ ತಟ್ಟೆಯ ನೀರು ಸಾರನ್ನು ನೋಡಿದರು. ಫೋನನ್ನು ಹುಡುಗಿಯ ಕೈಗೆ ವಾಪಸ್ ಕೊಟ್ಟರು.

ಫೋನ್ ಇಟ್ಟ ಮೇಲೆ ಹುಲಿಗೆಮ್ಮ ಮೆಲ್ಲಗೆ ಅಂದಳು: "ಹೊಟ್ಟಿಗೆ ಹಿಟ್ಟಿಲ್ಲಂತ ಅವ್ವಗ ಗೊತ್ತಾಗಬಾರದಲ್ರೀ ಮೇಡಂ. ಅದಕ್ಕ ಜುಟ್ಟಿಗೆ ಮಲ್ಲಿಗಿ."

ಮರುದಿನ ಸಾರು ಗಟ್ಟಿಯಾಯಿತೇ ಅಂತ ಕೇಳಬೇಡಿ. ಲಿಪ್‌ಸ್ಟಿಕ್ ಮಾತ್ರ ವಾಪಸ್ ಬಂತು.