ಎರೆಹುಳಮ್ಮ ಹೊಟ್ಟೆಯಲ್ಲಿ ಕೇಳಿದ ಸದ್ದು

ಹತ್ತಿರ ಬನ್ನಿ ಮಕ್ಕಳೇ. ಇನ್ನೂ ಹತ್ತಿರ. ಇದನ್ನು ಯಾರ ಮುಂದೂ ಬಾಯಿ ಬಿಡಬಾರದು, ನಿಮ್ಮಮ್ಮನ ಮುಂದೂ. ಗಾಳಿರಾಯನ ಮರ್ಯಾದೆ ವಿಷಯ.

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಮನೆಯಲ್ಲಿ ಬೆಟ್ಟಮ್ಮನಂಥ ಹೆಂಡತಿ ಕೂತಿದ್ದರೂ ಈ ಗಾಳಿರಾಯ ಮೋಡಮ್ಮನ ಹಿಂದೆ ಬಿದ್ದ. ಹೆಂಡತಿಗೆ ತಿಳಿಯಬಾರದಲ್ಲ? ಮೋಡಮ್ಮ ಬಂದಾಗೆಲ್ಲ ಗಂಟಲೊಳಗೇ ಗುನುಗುತ್ತಿದ್ದ. ಗುಂಯ್... ಗುಂಯ್... ಎಷ್ಟು ತಗ್ಗಿದ ದನಿ ಅಂದರೆ ಯಾವ ಕಿವಿಗೂ ಕೇಳುತ್ತಿರಲಿಲ್ಲ.

ಕಿವಿಗೆ ಕೇಳಲಿಲ್ಲ, ಸರಿ. ನೆಲಕ್ಕೆ ಇಳಿಯಿತಲ್ಲ! ನೆಲದೊಳಗೆ ಎರೆಹುಳಮ್ಮನ ಮನೆ. ಗುಂಯ್ ಅಂದಾಗೆಲ್ಲ ಗೋಡೆ ನಡುಗುತ್ತಿತ್ತು, ಮರಿಗಳ ಮೈ ನಡುಗುತ್ತಿತ್ತು. ಪಾಪ, ಮರಿಗಳು ಮಣ್ಣು ತಿನ್ನುವುದನ್ನೇ ಬಿಟ್ಟವು.

ಎರೆಹುಳಮ್ಮ ಪಂಚಾಯ್ತಿ ಸೇರಿಸಿದಳು. "ಗಾಳಿಯಣ್ಣ ಗುಂಯ್‌ಗುಡ್ತಾನೆ. ನನ್ನ ಮಕ್ಕಳು ಸೊರಗಿ ಹೋದವು."

ಆಗಿನ ಪದ್ಧತಿ ಏನು ಗೊತ್ತಾ? ಸಾಕ್ಷಿ ಹೇಳುವವರು ಕಿವಿ ಹಿಡಿದು ಆಣೆ ಇಡಬೇಕು. ಪಂಚಾಯ್ತಿ ಹಿರಿಯ ಮೊಲಪ್ಪ ತನ್ನ ಉದ್ದ ಕಿವಿ ಅಲ್ಲಾಡಿಸಿದ.

"ಹಿಡಿ ಕಿವಿ."

"ನನಗೆಲ್ಲಿದೆ ಕಿವಿ?"

"ಕಿವೀನೇ ಇಲ್ಲ, ಸದ್ದು ಹೇಗೆ ಕೇಳಿಸ್ತಮ್ಮಾ?"

"ಹೊಟ್ಟೇಲಿ ಕೇಳಿಸ್ತು!"

ಪಂಚಾಯ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗುವ ಮಾತಾ ಇದು? ಗಾಳಿರಾಯನೂ ನಕ್ಕ, ನಾಚಿಕೆಗೆಟ್ಟವನು!

ಎರೆಹುಳಮ್ಮ ಮಕ್ಕಳನ್ನು ಕಟ್ಟಿಕೊಂಡು ಮನೆ ಬಿಟ್ಟು ಹೊರಗೆ ಬಂದಳು. ಮಣ್ಣು ಮಗುಚುವವರಿಲ್ಲದೆ ನೆಲ ತಂಗಳು ರೊಟ್ಟಿ ಹಾಗೆ ಬಿರುಸಾಯಿತು. ಹುಲ್ಲೂ ಹೋಯಿತು. ಹೊಟ್ಟೆಗಿಲ್ಲದ ಮೊಲಪ್ಪ ಕಿವಿ ಜೋತುಬಿಟ್ಟುಕೊಂಡು ಬಂದ. "ತಾಯೀ, ಒಳಗೆ ಹೋಗಮ್ಮ."

"ಹೋಗ್ತೀನಿ. ಅವನು ಗುಂಯ್ ಅಂದ ದಿನ ಮಾತ್ರ ಮಕ್ಕಳ ಸಮೇತ ನಿಮ್ಮ ಅಂಗಳಕ್ಕೇ ಬರ್ತೀನಿ. ಎಲ್ಲರೂ ನೋಡಲಿ."

ಅದಕ್ಕೇ ಮಕ್ಕಳೇ, ಇವತ್ತಿಗೂ ಮೋಡಮ್ಮ ಬಂದು ಗಾಳಿರಾಯ ಗುನುಗಿದನೋ, ಎರೆಹುಳುಗಳು ನೆಲ ಬಿಟ್ಟು ಅಂಗಳಕ್ಕೆ ಬರುವುದು.

ಮತ್ತೆ ನಮ್ಮ ಹಿತ್ತಲಲ್ಲಿ ಮೋಡವೇ ಇಲ್ಲದ ಬಿಸಿಲಲ್ಲಿ ಹೊರಬಂದು ಒಣಗಿ ಸಾಯುತ್ತಿವೆಯಲ್ಲ, ಅದು ಯಾಕೆ? ಪಕ್ಕದ ಮನೆ ಪಾಲಾಕ್ಷಿ ಗಾಳಿಯಿಂದ ಕರೆಂಟು ತೆಗೀತೀನಿ ಅಂತ ತಾರಸಿ ಮೇಲೆ ದೊಡ್ಡ ಫ್ಯಾನು ನಿಲ್ಲಿಸಿದ್ದಾನಲ್ಲ, ಅದಕ್ಕೆ! ಅದರ ಕಂಬವನ್ನು ನಮ್ಮಿಬ್ಬರ ನಡುವಿನ ಗೋಡೆಗೇ ಬಿಗಿದಿದ್ದಾನೆ, ಪುಣ್ಯಾತ್ಮ. ಅದು ತಿರುಗಿತೋ, ನನ್ನ ಮಂಚವೂ ಗುಂಯ್, ನನ್ನ ಎದೆಯೂ ಗುಂಯ್. ನಿನ್ನೆ ಹೋಗಿ ಹೇಳಿಯೇ ಬಿಟ್ಟೆ. ನನ್ನ ಮುಖಕ್ಕೇ ಅಂದ:

"ಅಜ್ಜೀ, ಬಾಗಿಲು ಬಡಿದರೇ ನಿಮಗೆ ಕೇಳಲ್ಲ. ಇದು ಹೇಗೆ ಕೇಳಿಸ್ತು?"